ಉಲ್ಟಾ ಹೊಲಿದ ರಕ್ತನಾಳ

ಬೀಳಗಿ ಕಡೆಯ ಆ ರೈತನ ತೋಳಿನ ರಕ್ತನಾಳ ಕಬ್ಬು ಕಡಿಯುವ ಕೊಯ್ತಾ ತಗುಲಿ ಹರಿದಿತ್ತು. ಅಂಗೈ ಬಿಳಿಚಿ ತಣ್ಣಗಾಗುತ್ತಿತ್ತು. ಜಮಖಂಡಿಯ ಆಪರೇಷನ್ ಥಿಯೇಟರಿನಲ್ಲಿ ತೋಳಿಗೂ ಕಾಲಿಗೂ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದೆವು; ಆತ ಎಚ್ಚರವಾಗಿಯೇ ಇದ್ದ. ಅವನ ಕಾಲಿನಿಂದ ತೆಗೆದ ರಕ್ತನಾಳದ ತುಂಡನ್ನು ತೋಳಿಗೆ ಜೋಡಿಸಬೇಕಿತ್ತು.

"ಇದನ್ನ ಉಲ್ಟಾ ಮಾಡಿ ಹೊಲಿಯೋಣ" ಎಂದು ನರ್ಸಿಗೆ ಹೇಳಿದ್ದೇ ತಡ, ಮುಖಕ್ಕೆ ಅಡ್ಡ ಕಟ್ಟಿದ್ದ ಪರದೆಯ ಆಚೆ ಆತ ಏಳಲು ನೋಡಿದ.

"ಉಲ್ಟಾ ಯಾಕ್ರಿ? ನನ್ನ ಕೈ ಹೋದೀತು! ಸೀದಾ ಹಚ್ಚರಿ!"

ವಾದ ಮಾಡಲು ಸಮಯವಿರಲಿಲ್ಲ. ಅಲುಗಾಡುವವನ ಮೇಲೆ ಸೂಜಿ ಹಿಡಿಯುವಂತೆಯೂ ಇರಲಿಲ್ಲ.

"ಕಾಲಾಗ ರಕ್ತ ಮ್ಯಾಲ ಏರತೈತಿ. ಅದು ವಾಪಸ್ ಬೀಳದಂಗ ಒಳಗ ಸಣ್ಣ ವಾಲ್ವ್ ಅದಾವ. ತೋಳಿನಾಗ ರಕ್ತ ಕೆಳಗ ಬೆರಳಿಗೆ ಇಳೀಬೇಕು. ಸೀದಾ ಹಚ್ಚಿದ್ರ ವಾಲ್ವ್ ಮುಚ್ಕೋತಾವ" ಎಂದೆ.

ಹಿನ್ನೀರಿಗೆ ಪಂಪ್‌ಸೆಟ್ ಹಚ್ಚಿದ ಮನುಷ್ಯ; ಪೈಪಿನ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ಅವನಿಗೆ ಗೊತ್ತಿತ್ತು. "ಫುಟ್‌ವಾಲ್ವ್ ಅನ್ರಲಾ ಮತ್ತ" ಎಂದು ಮಲಗಿದ.

ಹೊಲಿದು ಮುಗಿಸಿ, ರಕ್ತ ತಡೆದಿದ್ದ ಕ್ಲ್ಯಾಂಪ್ ಬಿಟ್ಟೆ. ಅಂಗೈ ಬಿಳಿಯಾಗಿಯೇ ಉಳಿಯಿತು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. "ನಾಡಿ ಬರ್ತಿಲ್ಲ" ಎಂದರು ನರ್ಸ್.

"ಪಂಪಿನಂಗ ಏರ್ ಹಿಡದೈತೇನ್ರಿ?" ಎಂದಿತು ಪರದೆಯಾಚೆಯ ದನಿ.

ಬಿಗಿದುಕೊಂಡ ರಕ್ತನಾಳ ಸಡಿಲಾಗಲೆಂದು ಹೊಲಿದ ಜಾಗಕ್ಕೆ ಬೆಚ್ಚನೆಯ ಒದ್ದೆ ಬಟ್ಟೆ ಹೊದಿಸಿ ಕಾದೆವು. ಕೊನೆಗೆ ನನ್ನ ಬೆರಳಡಿ ಏನೋ ಮಿಡಿಯಿತು. ಮತ್ತೆ ಮಿಡಿಯಿತು. ಉಗುರಿಗೆ ಬಣ್ಣ ಬಂತು.

"ಬಂತು" ಎಂದೆ. ರಕ್ತ ಎಲ್ಲಿಯೂ ಸೋರುತ್ತಿರಲಿಲ್ಲ, ಆದರೆ ಒಂದು ಹೊಲಿಗೆ ಕೊಂಚ ಡೊಂಕಾಗಿ ಕಂಡಿತು. ಚಂದ ಮಾಡೋಣವೆಂದು ಸೂಜಿ ಕೇಳಿದೆ.

"ಚಾಲೂ ಆತಲ್ರಿ ಸಾಹೇಬ್ರ, ಇನ್ನ ಕೈ ಹಚ್ಚಬ್ಯಾಡ್ರಿ."

ಸೂಜಿಯನ್ನು ತಟ್ಟೆಗೆ ವಾಪಸ್ ಇಟ್ಟೆ.