ಬಲಗಡೆ ಬಿದ್ದ ಹೂವು

ಸ್ನೇಹಿತರೇ, ಮಧುಗಿರಿಯಲ್ಲಿ ನಾವು ಕೊಳ್ಳಬೇಕೆಂದಿರುವ ಮನೆಯ ಮಹಡಿ ಬಾಗಿಲ ಮೇಲೆ ಇವತ್ತು ಬೆಳಿಗ್ಗೆ ಒಣಗಿದ ಕಣಗಿಲೆ ಹೂವೊಂದನ್ನು ನೋಡಿದೆ. ಅದಕ್ಕೆ ಗಾಜಿನ ಚೌಕಟ್ಟು ಬೇರೆ.

ಮಹಡಿಗೆ ಪುರಸಭೆಯ ಅನುಮತಿ ಇದೆಯೇ ಎಂದು ಅಪ್ಪ ಕೇಳಿದರು.

ಮಾಲೀಕರು ಹೂವಿಗೆ ಕೈಮುಗಿದರು. “ಕಟ್ಟೋಕ್ ಮುಂಚೆ ಗುಡೀಗೋಗಿ ಮಾರಮ್ಮನ್ನ ಕೇಳಿದ್ವಿ ಸಾ. ಬಲಗಡೆ ಹೂ ಕೊಟ್ಬುಟ್ಲು. ಆಮೇಲೆ ಪುರಸಭೆಯೋರ್ನ ಏನ್ ಕೇಳೋದು?”

“ಅವ್ರು ಒಡೆಯೋಕ್ ಬಂದ್ರೆ?”

“ಮಾರಮ್ಮ ಸುಮ್ನೆ ಬುಡ್ತಾಳಾ?”

ಅಪ್ಪನೂ ಕೈಮುಗಿದುಬಿಟ್ಟರು. ಮನೆಗೆ ಬಂದಾಗಿನಿಂದ ಒಂದೇ ಮಾತು: “ದೇವ್ರೇ ಒಪ್ಪೈತೆ ಕಣಮ್ಮ, ಸೋಮವಾರ ಅಡ್ವಾನ್ಸ್ ಕೊಟ್ಬುಡಾನ.”

ಎದುರು ಮಾತಾಡಲು ನನಗೆ ಬಾರದು. ಅದಕ್ಕೇ ನಾಳೆ ಅಪ್ಪನನ್ನು ಅದೇ ಗುಡಿಗೆ ಕರೆದೊಯ್ದು, ಅನುಮತಿಯಿಲ್ಲದ ಮನೆ ಕೊಳ್ಳಬಹುದೇ ಎಂದು ಮಾರಮ್ಮನನ್ನೇ ಕೇಳುತ್ತೇನೆ. ಬೇಡವೆಂದು ಎಡಗಡೆ ಹೂವು ಬೀಳುವವರೆಗೂ ಕೇಳುತ್ತಲೇ ಇರುತ್ತೇನೆ.