ಬಾಣ ನೋಡುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಸೂರ್ಯನಿಗೆ ಇನ್ನೂ ಹಾಸಿಗೆ ಬಿಡುವ ಮನಸ್ಸಿಲ್ಲ. ಬಾಣದಕ್ಕ ಆಗಲೇ ಮೆಟ್ಟಿಲ ಕೆಳಗಿನ ಕರೆಂಟಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಾರೆ. ಕೈಗೆ ರಬ್ಬರ್ ಗ್ಲೌಸು, ಬಾಯಲ್ಲಿ ಟಾರ್ಚು. ಅವರ ಬಗ್ಗೆ ಬರೆಯಲೆಂದು ನಾನೂ ಜೊತೆಗೆ ಬಂದಿದ್ದೇನೆ. ಒಳಗಿನ ಕೋಣೆಯಿಂದ ಆಕ್ಸಿಜನ್ ಯಂತ್ರದ ಸದ್ದು ಒಂದೇ ಸಮನೆ ಕೇಳುತ್ತಿದೆ. ಟಾರ್ಚನ್ನು ಕೈಗೆ ತೆಗೆದುಕೊಂಡು, "ಟೀಚರ್, ಗೀಸರ್ ಹಾಕಿ" ಎನ್ನುತ್ತಾರೆ.

ಬಾಣದಕ್ಕ ಮನೆಗಳಿಗೆ ಸೋಲಾರ್ ಬ್ಯಾಟರಿ, ಇನ್ವರ್ಟರ್ ಕೂಡಿಸುವ ಎಲೆಕ್ಟ್ರಿಷಿಯನ್. ಕೂಡಿಸಿದ ಮೇಲೆ, ಬೀದಿಯಿಂದ ಮನೆಗೆ ಬರುವ ಮುಖ್ಯ ತಂತಿಗೆ ಬೆರಳುದ್ದದ ಒಂದು ಸೆನ್ಸರ್ ಸಿಕ್ಕಿಸಬೇಕು. ಬಟ್ಟೆ ಕ್ಲಿಪ್ಪಿನ ಹಾಗೆ ಅದು ತಂತಿಯನ್ನು ಕಚ್ಚಿಕೊಳ್ಳುತ್ತದೆ. ಕರೆಂಟು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂದು ಇನ್ವರ್ಟರ್‌ಗೆ ವರದಿ ಒಪ್ಪಿಸುವುದು ಇದೇ. ಅದರ ಮೈಮೇಲೊಂದು ಪುಟ್ಟ ಬಾಣವಿದೆ. ಅದು ಮನೆಯ ಕಡೆ ಮುಖ ಮಾಡಿರಬೇಕು. ಹಿಂದುಮುಂದಾದರೆ, ಚಾವಣಿಯ ಸೋಲಾರ್ ಕರೆಂಟು ಹೆಚ್ಚಾಗಿ ಬೀದಿಗೆ ಹರಿಯುವಾಗ ಇನ್ವರ್ಟರ್ ಅದನ್ನು ಮನೆಯ ಹಸಿವು ಎಂದುಕೊಂಡು ಬ್ಯಾಟರಿಯನ್ನೂ ಸುರಿಯುತ್ತದೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದೇ. ಸಂಜೆ ಹೊತ್ತಿಗೆ ಬ್ಯಾಟರಿ ಬರಿದು" ಎಂದು ಬಾಣದಕ್ಕ ನಗುತ್ತಾರೆ.

ಇವತ್ತು ಆ ನಗು ಸ್ವಲ್ಪ ಒಣಗಿದೆ. ಈ ಮನೆಯ ಸೆನ್ಸರ್ ಹಾಕಿದ್ದು ಬೇರೆ ಯಾರೋ ಅಲ್ಲ, ಅವರೇ.

ಮನೆಯೊಡತಿ ನಿವೃತ್ತ ಗಣಿತದ ಟೀಚರ್. ಯಜಮಾನರಿಗೆ ಶ್ವಾಸಕೋಶದ ತೊಂದರೆ; ಆ ಯಂತ್ರವಿಲ್ಲದೆ ಹೊತ್ತು ಹೋಗುವುದಿಲ್ಲ. ಅದಕ್ಕೆಂದೇ ಬ್ಯಾಟರಿ ಹಾಕಿಸಿದ್ದು. ಆದರೂ ಹತ್ತು ದಿನದಲ್ಲಿ ಎರಡು ಸಂಜೆ ಕರೆಂಟು ಹೋದಾಗ ಯಂತ್ರ ನಿಂತುಹೋಯಿತು. ಮೊದಲ ಸಲ ಮನೆಯಲ್ಲಿದ್ದ ಆಕ್ಸಿಜನ್ ಸಿಲಿಂಡರ್ ಕೈಹಿಡಿಯಿತು. ಎರಡನೇ ಸಲ ಅದರ ಮೀಟರಿನ ಮುಳ್ಳು ತಳ ಮುಟ್ಟುವ ಹೊತ್ತಿಗೆ ಕರೆಂಟು ಬಂತು. "ಆ ಮುಳ್ಳು ನೋಡ್ತಾ ಕೂತಿದ್ನಲ್ಲ, ಅದು ಶತ್ರುವಿಗೂ ಬೇಡ" ಎನ್ನುತ್ತಾರೆ ಟೀಚರ್. ಬಾಣದಕ್ಕನಿಗೆ ಅವರ ಫೋನು ಬಂದದ್ದು ನಿನ್ನೆ.

ಹನ್ನೊಂದು ವರ್ಷ, ನಾನೂರ ಮೂವತ್ತು ಮನೆ. ಬಾಣದಕ್ಕನ ಪದ್ಧತಿ ಒಂದೇ: ಸೆನ್ಸರನ್ನು ಯಾವಾಗ ಸಿಕ್ಕಿಸಿದರೂ ಮರುದಿನ ನಸುಕಿನಲ್ಲಿ ಬಂದು ನೋಡಬೇಕು. "ಬಿಸಿಲು ಇಲ್ಲದಾಗ ಮನೆ ಬೀದಿಯಿಂದ ತಗೊಳ್ಳೋದು ಬಿಟ್ರೆ ಕೊಡೋಕೆ ಏನಿರುತ್ತೆ? ಆವಾಗ ಸೆನ್ಸರ್ ಸುಳ್ಳು ಹೇಳಿದ್ರೆ ಕೈಗೆ ಸಿಕ್ಕಿಬೀಳುತ್ತೆ." ನೋಡಿ ಆದಮೇಲೆ ಪೆಟ್ಟಿಗೆಯ ಬಾಗಿಲ ಒಳಗಡೆ ಮಾರ್ಕರಿನಲ್ಲಿ 'ಬಾಣ ನೋಡಿದೆ' ಎಂದು ತಾರೀಖು ಹಾಕುತ್ತಾರೆ. ಬಾಣದಕ್ಕ ಎಂಬ ಅಡ್ಡಹೆಸರು ಅಂಟಿದ್ದು ಹಾಗೆ.

ಕೆಲಸ ಕಲಿತದ್ದು ಅಪ್ಪನ ಮೋಟಾರು ರಿಪೇರಿ ಅಂಗಡಿಯಲ್ಲಿ. ಅಪ್ಪ ತೀರಿಕೊಂಡಾಗ ಅಂಗಡಿ ಅಣ್ಣನಿಗೆ ಹೋಯಿತು, ಇವರಿಗೆ ಬಂದದ್ದು ಒಂದು ಕಟಿಂಗ್ ಪ್ಲೈಯರ್. ಶುರುವಿನಲ್ಲಿ ಬಾಗಿಲು ತೆರೆದವರು ಇವರ ಬೆನ್ನ ಹಿಂದೆ ಇಣುಕಿ, "ಎಲೆಕ್ಟ್ರಿಷಿಯನ್ ಎಲ್ಲಮ್ಮಾ?" ಎಂದು ಕೇಳುತ್ತಿದ್ದರಂತೆ. "ಗಾಡಿ ನಿಲ್ಸಿ ಬರ್ತಾರೆ ಅಂತ ಹೇಳಿ ಒಳಗೆ ಹೋಗ್ತಿದ್ದೆ. ಅವರು ಬರೋಷ್ಟರಲ್ಲಿ ಕೆಲಸ ಮುಗಿದಿರ್ತಿತ್ತು!" ತಿಂಗಳಿಗೆ ಮೂರ್ನಾಲ್ಕು ಮನೆ, ಒಂಬತ್ತು ಕೆ.ಜಿ. ಚೀಲ, ಎಡ ಮಂಡಿಗೆ ಸದಾ ಒಂದು ಬ್ಯಾಂಡೇಜು.

ಈ ಮನೆಯ ಬಾಗಿಲ ಒಳಗಡೆ ಮಾತ್ರ ಖಾಲಿ. ಸೆನ್ಸರ್ ಹಾಕಿದ್ದು ನಡುಮಧ್ಯಾಹ್ನ. ಮರುದಿನ ಬೆಳಿಗ್ಗೆ ಬಾಣದಕ್ಕನ ಅಮ್ಮನಿಗೆ ಕಣ್ಣಿನ ಆಪರೇಷನ್. "ವಾಷಿಂಗ್ ಮಷೀನು ತಿರುಗ್ತಿತ್ತು. ಇನ್ವರ್ಟರ್ ಪರದೆ ಮೇಲೆ 'ಒಳಗೆ' ಅಂತ ಬಂತು. ಸರಿಯಾಗಿದೆ ಅಂದ್ಕೊಂಡೆ. ಅಷ್ಟು ಬಿಸಿಲಲ್ಲಿ ಹೊರಗೆ ಹೋಗ್ತಿರುತ್ತೆ ಅಂತ ಹೊಳೀಲೇ ಇಲ್ಲ." ಮರುದಿನ ಬರಲಾಗಲಿಲ್ಲ. ಅದರ ಮರುದಿನ ಮರೆತೇಹೋಯಿತು.

ಗೀಸರ್ ಹೊತ್ತಿಕೊಳ್ಳುತ್ತದೆ. ಪರದೆಯ ಮೇಲೆ 'ಹೊರಗೆ, 2340 ವ್ಯಾಟ್'. ಬಿಸಿಲಿಲ್ಲ, ಬ್ಯಾಟರಿ ಖಾಲಿ, ಆದರೂ ಹೊರಗೆ! ಅನುಮಾನಕ್ಕೆ ಎಡೆಯೇ ಇಲ್ಲ. ಬಾಣದಕ್ಕ ಕ್ಲಿಪ್ಪು ಬಿಚ್ಚಿ, ಮಗ್ಗುಲು ತಿರುಗಿಸಿ, ಮತ್ತೆ ಕಚ್ಚಿಸುತ್ತಾರೆ. ಮುಖ್ಯ ಸ್ವಿಚ್ಚು ಆರಿಸಬೇಕಿಲ್ಲ, ಒಳಗಿನ ಯಂತ್ರ ಒಂದು ಉಸಿರೂ ತಪ್ಪುವುದಿಲ್ಲ. 'ಒಳಗೆ, 2340.' ಅರ್ಧ ನಿಮಿಷದ ಕೆಲಸ. ಹತ್ತು ದಿನದ ಸಂಕಟ.

"ತಪ್ಪು ನಂದೇ, ಟೀಚರ್. ಕಂಪನಿದೂ ಅಲ್ಲ, ಬ್ಯಾಟರಿದೂ ಅಲ್ಲ." ಇಷ್ಟು ಹೇಳದೆ ಹೊಸ ಸೆನ್ಸರ್ ಹಾಕಿದಂತೆ ಮಾಡಿ ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ. ಟೀಚರ್, "ಲೆಕ್ಕ ತಪ್ಪಿದ್ರೆ ಮತ್ತೆ ಮಾಡೋದು. ಆದ್ರೆ ಇದು ಲೆಕ್ಕ ಅಲ್ವಲ್ಲಮ್ಮ" ಎನ್ನುತ್ತಾರೆ. ಬಾಣದಕ್ಕ ತಲೆ ತಗ್ಗಿಸಿ ಮಾರ್ಕರ್ ತೆಗೆದರೂ ಬರೆಯುವುದಿಲ್ಲ. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡಿ ಬರೀತೀನಿ."

ಮಾರನೆಯ ನಸುಕಿಗೆ ನಾವು ಬಂದಾಗ ಟೀಚರ್ ಬಾಗಿಲಲ್ಲೇ ನಿಂತಿದ್ದಾರೆ. "ನಿನ್ನೆ ಸಂಜೆ ಎರಡು ತಾಸು ಕರೆಂಟು ಇರ್ಲಿಲ್ವಂತೆ. ಎದುರುಮನೆಯವರು ಈಗ ಹೇಳಿದ್ರು. ನಮಗೆ ಗೊತ್ತೇ ಆಗ್ಲಿಲ್ಲ, ಇವರು ಕೂತ್ಕೊಂಡು ಪೇಪರ್ ಓದ್ತಿದ್ರು."

ಬಾಣದಕ್ಕ ಮೆಟ್ಟಿಲ ಕೆಳಗೆ ಮಂಡಿಯೂರಿ ಪರದೆ ನೋಡಿ, ಬಾಗಿಲ ಒಳಗಡೆ ತಾರೀಖು ಬರೆಯುತ್ತಾರೆ. ಗಾಡಿಯ ಹತ್ತಿರ ಬಂದಮೇಲೆ ನಾನು, ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಕೇಳುತ್ತೇನೆ. ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ: "ಕೇಳಿಸಿಕೊಂಡ್ರಲ್ಲ, ಗೊತ್ತೇ ಆಗ್ಲಿಲ್ಲ ಅಂದ್ರು. ಅಷ್ಟೇ ಸಾಕು."