ಕಾಡಿಗೆ ಬೊಟ್ಟಿಟ್ಟ ಪೀಚ್ ಹಣ್ಣುಗಳು

ನಾವು ಜಪಾನಿನ ನೋಮಿಯಲ್ಲಿದ್ದ ಆ ದಿನಗಳಲ್ಲಿ ಯಾವ ಹಣ್ಣನ್ನೂ ಮೂಸಿ ನೋಡದೆ ಬಾಯಿಗಿಡುವ ಹಾಗಿರಲಿಲ್ಲ. ಅಮ್ಮ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹಣ್ಣಿನ ಪರಿಮಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಅಪ್ಪನ ಕೆಲಸ ಟೋಕಿಯೋದಲ್ಲಿ. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಹಾಗಾಗಿ ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯೆಲ್ಲ ನಾನು ಅಮ್ಮನ ಬಾಲ.

ನಮ್ಮ ಸವಾರಿ ದಿನವೂ ಹೋಗುತ್ತಿದ್ದುದು ಹಯಾಶಿ ಸಾನ್ ಅವರ ಪೀಚ್ ತೋಟಕ್ಕೆ. ಎಪ್ಪತ್ತು ದಾಟಿದ ಆಕೆ ಕಾಯಿ ಗೋಲಿಯಷ್ಟಿರುವಾಗಲೇ ಒಂದೊಂದಕ್ಕೂ ಕಾಗದದ ಚೀಲ ತೊಡಿಸಿ, ಬಾಯಿಗೆ ತಂತಿ ಸುತ್ತುತ್ತಿದ್ದರು. ನನಗೆ ಅಷ್ಟು ಮುತುವರ್ಜಿಯಿಂದ ಯಾರೂ ಸ್ವೆಟರ್ ತೊಡಿಸಿದ್ದಿಲ್ಲ. ಹುಳು ಕೊರೆಯಬಾರದು, ಸಿಪ್ಪೆಯ ಮೇಲೆ ಒಂದು ಕಲೆಯೂ ಇರಬಾರದು. ಅಂಗಡಿಯವರು ಮುಖ ನೋಡಿಯೇ ಕೊಳ್ಳುವುದು. ಬಿಸಿಲು ಕಾಣದ ಹಣ್ಣು ಆ ಚೆಲುವಿಗಾಗಿ ಪರಿಮಳ ಕಳೆದುಕೊಳ್ಳುತ್ತದೆಯೇ ಎಂಬುದು ಅಮ್ಮನ ಪ್ರಶ್ನೆ. ಅದಕ್ಕೇ ಒಂದು ಮರದಲ್ಲಿ ಅರ್ಧ ಹಣ್ಣಿಗೆ ಚೀಲ, ಇನ್ನರ್ಧ ಬರಿಮೈಯಲ್ಲಿ. ಅವಳ ಸ್ಕಾಲರ್‌ಶಿಪ್ಪಿಗೆ ಅದೇ ಕೊನೆಯ ಬೇಸಿಗೆ. ಈ ಫಸಲು ಕೈಕೊಟ್ಟರೆ ಡಿಗ್ರಿ ಇಲ್ಲದೆ ಗಂಟುಮೂಟೆ ಕಟ್ಟುವುದೇ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಕೊಯ್ಲಿಗೆ ವಾರವಿದೆ ಎನ್ನುವಾಗ, ಒಂದು ಭಾನುವಾರ ಪೇಟೆಯಿಂದ ಜನ ತೋಟ ನೋಡಲು ಬಂದರು. ಬಂದವರೆಲ್ಲ ನಮ್ಮ ಮರದ ಕೆಳಗೇ ನಿಂತು, ಬರಿಮೈ ಹಣ್ಣುಗಳನ್ನು ನೋಡಿ ಚೆಂದ, ಚೆಂದ ಎಂದು ಹಾಡಿ ಹೊಗಳಿದರು. ಇಷ್ಟು ಜನರ ದೃಷ್ಟಿ ತಾಗಿದರೆ ಹಣ್ಣಿನ ಗತಿ? ಮೈಸೂರಿನಲ್ಲಿ ಅಜ್ಜಿ ಕೆನ್ನೆಗೆ ದೃಷ್ಟಿಬೊಟ್ಟು ಇಡದೆ ನನ್ನನ್ನು ಹೊಸ ಲಂಗದಲ್ಲಿ ಹೊಸ್ತಿಲು ದಾಟಿಸಿದವಳಲ್ಲ. ಅವಳು ದೀಪದ ಮಸಿ, ಹರಳೆಣ್ಣೆ, ಚಿಟಿಕೆ ಕರ್ಪೂರ ಹಾಕಿ ಮಾಡಿಕೊಟ್ಟ ಕಾಡಿಗೆಯ ಡಬ್ಬಿ ನನ್ನ ಹತ್ತಿರವೇ ಇತ್ತು. ಸೋಮವಾರ ಅಮ್ಮ ತೋಟದ ಆ ತುದಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಾಗ ನಾನು ಏಣಿ ಹತ್ತಿ, ಬರಿಮೈ ಹಣ್ಣುಗಳಿಗೆಲ್ಲ ಒಂದೊಂದು ಬೊಟ್ಟಿಟ್ಟೆ. ಚೀಲದೊಳಗಿನವಕ್ಕೆ ಹೇಗೂ ಯಾರ ಕಣ್ಣೂ ಬೀಳುವಂತಿರಲಿಲ್ಲ. ಡಿಗ್ರಿ ಉಳಿಸಿಕೊಟ್ಟೆ ಎಂಬ ಜಂಬದಲ್ಲಿ ಆ ಸಂಜೆ ಎರಡು ದೋಸೆ ಜಾಸ್ತಿಯೇ ತಿಂದೆ.

ಮಂಗಳವಾರ ಬೆಳಿಗ್ಗೆ ಹಯಾಶಿ ಸಾನ್ ಆ ಕಪ್ಪು ಚುಕ್ಕೆಗಳನ್ನು ಕಂಡು ಬಿಳಿಚಿಕೊಂಡರು. ಕಪ್ಪುಚುಕ್ಕೆ ರೋಗ ಒಂದು ಮರಕ್ಕೆ ಬಂದರೆ ತೋಟಕ್ಕೆಲ್ಲ ಹಬ್ಬುತ್ತದೆ, ಈಗಲೇ ಎಲ್ಲ ಕಿತ್ತು ಹೂಳಬೇಕು ಎನ್ನುತ್ತ ಕತ್ತರಿ ತಂದರು. ಅಮ್ಮ ಕಲ್ಲಿನ ಹಾಗೆ ನಿಂತಿದ್ದಳು. ನನಗೆ ಅಳು ಒತ್ತರಿಸಿ ಬಂತು.

"ರೋಗ ಅಲ್ಲಮ್ಮ. ನಾನೇ ಕಾಡಿಗೆ ಇಟ್ಟಿದ್ದು. ದೃಷ್ಟಿ ಆಗ್ಬಾರ್ದು ಅಂತ."

ಅಮ್ಮ ಒಂದು ಹಣ್ಣನ್ನು ಮೂಸಿದಳು. ಬೈಯಲಿಲ್ಲ, ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು. "ಘಮ ಅಳೆಯೋ ಮಷೀನಿಗೆ ಕರ್ಪೂರ ಗೊತ್ತಾಗತ್ತೆ ಕಣೆ ಪುಟ್ಟಿ. ಇವು ಯಾವುದೂ ಇನ್ನು ಯೂಸ್ ಆಗಲ್ಲ," ಎಂದಳು. ಬೈದಿದ್ದರೇ ವಾಸಿಯಿತ್ತು.

ಹಯಾಶಿ ಸಾನ್‌ಗೆ ಅವಳು ತನ್ನ ಹರಕುಮುರುಕು ಜಪಾನಿಯಲ್ಲಿ ಎಲ್ಲ ವಿವರಿಸಿದಳು. ಮುದುಕಿ ಕತ್ತರಿ ಕೆಳಗಿಟ್ಟು, ನಮ್ಮನ್ನು ಮನೆಯ ಹಿತ್ತಲಿಗೆ ಕರೆದೊಯ್ದರು. ಅಲ್ಲೊಂದು ಮರ, ಅದೇ ತಳಿ, ಅದೇ ವಯಸ್ಸು. ಅದರ ಹಣ್ಣಿಗೆ ಅವರು ಎಂದೂ ಚೀಲ ತೊಡಿಸಿದವರಲ್ಲ. ಮಾರುವ ಹಣ್ಣಿಗೆ ಮುಖ ಬೇಕು, ಮನೆಯವರು ತಿನ್ನುವುದಕ್ಕೆ ಘಮ ಸಾಕು, ನಿಮ್ಮ ಪರೀಕ್ಷೆಗೆ ಇವನ್ನೇ ತೆಗೆದುಕೊಳ್ಳಿ ಎಂದರು. ಆ ಹಣ್ಣು ತೀರಿಹೋದ ಗಂಡನ ಫೋಟೋದ ಮುಂದೆ ಓಬೋನ್ ಎಂಬ ಪಿತೃಗಳ ಹಬ್ಬದಲ್ಲಿ ಇಡಲು ಎಂದು ಅಮ್ಮನಿಗೆ ಗೊತ್ತಿತ್ತು. ಬೇಡವೆಂದಳು. ಹಯಾಶಿ ಸಾನ್ ಕೇಳಲಿಲ್ಲ. ಆ ವರ್ಷ ಗಂಡನ ಮುಂದೆ ನನ್ನ ಬೊಟ್ಟಿನ ಹಣ್ಣುಗಳನ್ನೇ ಇಟ್ಟರು. ಆತ ಸ್ಫುರದ್ರೂಪಿಯಂತೆ, ಬೊಟ್ಟು ಇರಲಿ ಎಂದು ನಕ್ಕರು.

ಆ ತಳಿಯ ಮಟ್ಟಿಗೆ ಮಷೀನು ಮುದುಕಿಯ ಮಾತನ್ನೇ ಹೇಳಿತು: ಚೀಲದ ಹಣ್ಣು ನುಣುಪು, ಬಿಸಿಲುಂಡದ್ದು ಘಮಘಮ. ಅಮ್ಮನ ಡಿಗ್ರಿ ಮುಗಿಯಿತು.

ಈಗ ನಾನು ಟೋಕಿಯೋದ ಎಡೋಗಾವಾದಲ್ಲಿದ್ದೇನೆ. ಹಯಾಶಿ ಸಾನ್ ಇಲ್ಲ, ಅವರ ತೋಟವೂ ಇಲ್ಲ. ಕೆಲವು ವರ್ಷಗಳ ಕೆಳಗೆ ಬಂದ ಜ್ವರವೊಂದು ಅಮ್ಮನ ಮೂಗಿನ ಶಕ್ತಿಯನ್ನೇ ಒಯ್ದಿತು. ಮಲ್ಲಿಗೆಯೂ ಸೀದ ಹಾಲೂ ಅವಳಿಗೆ ಒಂದೇ. ಹೋದ ಬೇಸಿಗೆ ಅವಳು ಇಲ್ಲಿಗೆ ಬಂದಿದ್ದಾಗ ನಾನು ಅಂಗಡಿಯಿಂದ ಒಂದು ಪೀಚ್ ತಂದೆ, ಕಲೆಯಿಲ್ಲದ್ದು. ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದವಳು ತಡೆದು, ನನ್ನ ಮುಂದೆ ಹಿಡಿದಳು.

"ನೀನೇ ನೋಡು. ನನ್ ಸಮಾಧಾನಕ್ಕೆ ಏನೂ ಹೇಳ್ಬೇಡ."

ಎಷ್ಟು ಮೂಸಿದರೂ ಏನೂ ಸಿಗಲಿಲ್ಲ. "ಅಂಥದ್ದೇನಿಲ್ಲಮ್ಮ," ಎಂದೆ.

"ಹಾಗಾದ್ರೆ ಇದ್ರಲ್ಲಿ ನಂಗೇನೂ ಲಾಸ್ ಆಗ್ಲಿಲ್ಲ ಬಿಡು," ಎಂದು ನಗುತ್ತ ಚಾಕು ತರಲು ಹೋದಳು. ಹಣ್ಣು ಮೂಸಿ ಕಣ್ಣರಳಿಸುತ್ತಿದ್ದ ಆ ಅಮ್ಮ ಒಂದೇ ಒಂದು ಸಲ ಮತ್ತೆ ಬೇಕೆನಿಸಿ, ಅವಳು ಬರುವಷ್ಟರಲ್ಲಿ ಕಣ್ಣೊರೆಸಿಕೊಂಡೆ.